ನಂಗಿಲಾ ಪರೀಕ್ಷೆಯಲ್ಲಿ ಪಾಸಾದದ್ದು

೧

ಕಂಪ್ಯೂಟರಿನಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಕಣ್ಣೀರಿನಿಂದ ಶುರು ಮಾಡಿದರೆ ನಂಗಿಲಾಳೇ ಬಂದು ನನ್ನ ಕುತ್ತಿಗೆ ಹಿಡಿಯುತ್ತಾಳೆ. ನಮ್ಮೂರು ಬುಂಗೋಮಾದಲ್ಲಿ ಅವಳು ನನ್ನ ನೆರೆಯವಳು. ಮತ್ತೆ ಹೇಗಪ್ಪಾ ಶುರು ಮಾಡುವುದು? (ಒಂದು ಕರಡು ಹರಿದು ಹಾಕಿದ್ದಾಯಿತು. ಅದರ ತುಂಬ ಸೂರ್ಯಾಸ್ತವೇ ಇತ್ತು.)

ಸರಿ, ನೇರವಾಗಿಯೇ ಹೇಳುತ್ತೇನೆ. ನಂಗಿಲಾಳಿಗೆ ನಲವತ್ತರ ಹತ್ತಿರ, ಔಷಧಿ ಅಂಗಡಿಯಲ್ಲಿ ಕೆಲಸ. ಚಿಕ್ಕಂದಿನಿಂದಲೂ ಯಾವುದರ ಮೇಲೂ ಗಮನ ನಿಲ್ಲುವುದಿಲ್ಲ. ಮೊನ್ನೆ ಒಬ್ಬರ ಮಾತ್ರೆ ಇನ್ನೊಬ್ಬರ ಪೊಟ್ಟಣಕ್ಕೆ ಹೋಯಿತು. ಮಾಲೀಕ ಹೇಳಿದ: “ಇದು ಕಾಯಿಲೆ ಅಂತ ಡಾಕ್ಟರ್ ಬರ್ಕೊಟ್ರೆ ಗೋಡೌನ್‌ನಲ್ಲಿ ಇಟ್ಕೋತೀನಿ. ಇಲ್ಲಾಂದ್ರೆ ಮನೆಗೆ ನಡಿ.” ಅದಕ್ಕೇ ಎಲ್ಡೊರೆಟ್ ಪಟ್ಟಣದ ಕ್ಲಿನಿಕ್ಕು, ಅಲ್ಲಿನ ಕಂಪ್ಯೂಟರ್ ಪರೀಕ್ಷೆ.

೨

ಪರೀಕ್ಷೆ ಏನೂ ಕಷ್ಟವಲ್ಲ. ಪರದೆಯ ಮೇಲೆ ಅಕ್ಷರಗಳು ಬಂದು ಹೋಗುತ್ತವೆ. ಪ್ರತಿಯೊಂದಕ್ಕೂ ಗುಂಡಿ ಒತ್ತಬೇಕು, ಒಂದು ಅಕ್ಷರಕ್ಕೆ ಮಾತ್ರ ಕೈ ತಡೆಯಬೇಕು. ಬೇಸರ ಹುಟ್ಟಿಸುವುದೇ ಅದರ ಉದ್ದೇಶ. (ನನ್ನ ಕಥೆಗಳ ಹಾಗೆ. ನಗಬೇಡಿ.)

ನಮ್ಮಲ್ಲಿ ಆಸ್ಪತ್ರೆಗೆ ಯಾರೂ ಒಂಟಿಯಾಗಿ ಹೋಗುವುದಿಲ್ಲ. ಅಕ್ಕ ನಸಂಬು ಜೊತೆಗೆ ಹೋದಳು, ಪರೀಕ್ಷೆಯ ಕೋಣೆಯೊಳಕ್ಕೂ ಹೋದಳು. ಅಷ್ಟು ಹಿರಿಯ ಹೆಂಗಸನ್ನು ಹೊರಗೆ ನಿಲ್ಲಿಸಲು ನರ್ಸಿಗೆ ಮನಸ್ಸಾಗಲಿಲ್ಲ. ತಂಗಿಯ ಬೆನ್ನ ಹಿಂದೆಯೇ ಒಂದು ಕುರ್ಚಿ ಹಾಕಿಕೊಟ್ಟು ಬಾಗಿಲು ಎಳೆದುಕೊಂಡು ಹೋದಳು.

ಫಲಿತಾಂಶ ಬಂತು. ಗಮನದಲ್ಲಿ ಯಾವ ದೋಷವೂ ಇಲ್ಲ.

ನಸಂಬು ಊರಿಗೆ ಬಂದವಳೇ ನಮಗೆಲ್ಲ ಸೋಡಾ ತರಿಸಿದಳು. “ನನ್ ಬಂಗಾರ ಪಾಸಾದ್ಲು ಕಣಪ್ಪಾ! ಸ್ಕೂಲಲ್ಲಿ, ಚರ್ಚಲ್ಲಿ ಮಾಡ್ತಿದ್ದೆನಲ್ಲ, ಹಂಗೇ. ಇವಳ ಮನಸ್ಸು ಎತ್ಲಾಗೋ ಹೋದಾಗೆಲ್ಲ ಬೆನ್ನು ಮುಟ್ತಾ ಕೂತಿದ್ದೆ.”

ನಂಗಿಲಾ ಬಾಟಲಿಯನ್ನು ಕೆಳಗಿಟ್ಟಳು. ಅಕ್ಕನ ಬೆರಳು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಆ ಕೋಣೆಯಲ್ಲಿ ಅದು ಬೆನ್ನಿಗೆ ತಾಗಿದ್ದು ಅವಳಿಗೇ ತಿಳಿದಿರಲಿಲ್ಲ.

ಮಾಲೀಕ ರಿಪೋರ್ಟು ಓದಿ, “ಕಾಯಿಲೆ ಇಲ್ಲ ಅಂದ್ಮೇಲೆ ಕೊಬ್ಬು, ಅಷ್ಟೇ” ಎಂದು ಅವಳನ್ನು ಕೆಲಸದಿಂದ ತೆಗೆದ.

೩

(ಇದು ಅನ್ಯಾಯ. ಡಾಕ್ಟರನ್ನು ಕಥೆಯೊಳಗೆ ಎಳೆದು ತಂದೆ.)

“ಯಂತ್ರವೊಂದನ್ನೇ ನಂಬಬಾರದು, ಅವಳ ಬದುಕನ್ನೂ ಕೇಳಬೇಕು ಅಂತ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ ಸ್ವಾಮೀ?”

“ಹೊರಗಿರೋ ಕ್ಯೂ ನೋಡಿದ್ರೇನ್ರೀ? ನೀವು ಕೂತ್ಕೊಂಡು ಬರೀತೀರ, ನಾನು ನಿಂತ್ಕೊಂಡು ರೋಗಿಗಳನ್ನ ನೋಡ್ತೀನಿ.”

ನಾನೇ ಸೃಷ್ಟಿಸಿದ ಡಾಕ್ಟರು ನನಗೇ ದಬಾಯಿಸುತ್ತಾನೆ!

೪

ಬೇರೆ ಅಂತ್ಯ. ನಸಂಬುವನ್ನು ಹೊಡೆದು ಹಾಕುತ್ತೇನೆ. (ಸಾಲಿನಿಂದ ಮಾತ್ರ.) ನಂಗಿಲಾ ಒಬ್ಬಳೇ ಹೊರಡುತ್ತಾಳೆ. ಮತಾಟು ವ್ಯಾನು ಹತ್ತುತ್ತಾಳೆ. ಕಿಟಕಿಯಾಚೆ ಏನನ್ನೋ ನೋಡುತ್ತ ಬೇರೆ ಊರಿನಲ್ಲಿ ಇಳಿಯುತ್ತಾಳೆ. ಮತ್ತೆ ಬರೆದೆ: ಹೋಗಬೇಕಾದ ದಿನವನ್ನೇ ಮರೆತಳು. ಎಷ್ಟು ತಿದ್ದಿದರೂ ಅಕ್ಕನಿಲ್ಲದ ನಂಗಿಲಾ ಆ ಕಂಪ್ಯೂಟರಿನ ಮುಂದೆ ಬಂದು ಕೂರುವುದೇ ಇಲ್ಲ. ಅಕ್ಕನಿದ್ದರೆ ಕಾಯಿಲೆ ಕಾಣುವುದಿಲ್ಲ, ಇಲ್ಲದಿದ್ದರೆ ಕಾಯಿಲೆಯವಳೇ ಬರುವುದಿಲ್ಲ. ನನ್ನ ಕೈಯಲ್ಲಿ ಆಗುತ್ತಿಲ್ಲ. ಬೇರೆ ದಾರಿ ಹೊಳೆದರೆ ನೀವೇ ಬರೆದುಕೊಳ್ಳಿ.

೫

ನಂಗಿಲಾ ಬಂದಳು. ಕರಡನ್ನು ಕಸಿದುಕೊಂಡು, ಅಲ್ಲೊಂದು ಸಾಲು ಇಲ್ಲೊಂದು ಸಾಲು ಓದಿದಳು.

“ಇದನ್ನ ತೆಗೀರಿ.”

“ಯಾವುದನ್ನ?”

“ಅಕ್ಕ ಬೆನ್ನು ಮುಟ್ಟಿದ್ರಿಂದ ಹಿಂಗಾಯ್ತು ಅನ್ನೋದನ್ನ. ಕೆಲ್ಸ ಹಾಳಾಗ್ಹೋಗ್ಲಿ. ಅವಳಿಗೆ ಗೊತ್ತಾದ್ರೆ ಇನ್ಮೇಲೆ ನನ್ನ ಮುಟ್ಟೋಕೇ ಹೆದರ್ತಾಳೆ. ಆಮೇಲೆ ನಾನು ಹೆಂಗ್ರೀ ಬದುಕ್ಲಿ?”

ತೆಗೆಯಬಹುದಿತ್ತು. ಆದರೆ ಅದನ್ನು ತೆಗೆದರೆ ನಂಗಿಲಾ ಬರೀ ಕೊಬ್ಬಿದವಳಾಗಿ ಉಳಿಯುತ್ತಾಳೆ, ಮಾಲೀಕನ ಮಾತೇ ನಿಜವಾಗುತ್ತದೆ.

ಅಷ್ಟರಲ್ಲಿ ನಸಂಬು ಒಳಗೆ ಬಂದಳು, ಎಣ್ಣೆಯಲ್ಲಿ ಕರಿದ ಮಂದಾಜಿಯ ತಟ್ಟೆ ಹಿಡಿದುಕೊಂಡು. “ನಮ್ಮ ಹುಡುಗಿ ಪಾಸಾದ ಕಥೆ ಬರೀತಿದ್ದೀಯಂತೆ? ಓದಪ್ಪಾ, ಕೇಳೋಣ.”

ತಂಗಿಯ ಪಕ್ಕದಲ್ಲೇ ಕುಳಿತಳು. ನಂಗಿಲಾ ನನ್ನನ್ನೇ ನೋಡುತ್ತಿದ್ದಾಳೆ. ಅವಳ ಗಮನ ಇಷ್ಟು ಹೊತ್ತು ಒಂದು ಕಡೆ ನಿಂತದ್ದನ್ನು ನಾನು ಕಂಡೇ ಇಲ್ಲ. ಓದುತ್ತ ಓದುತ್ತ ಕ್ಲಿನಿಕ್ಕಿನ ಬಾಗಿಲಿಗೆ ಬಂದೆ.

“ಯಾಕಪ್ಪಾ ನಿಲ್ಲಿಸ್ದೆ?” ಎನ್ನುತ್ತಾಳೆ ನಸಂಬು. “ಒಳಗೆ ನಾನೂ ಇದ್ದೆನಲ್ಲ, ನನ್ನ ಬಗ್ಗೆ ಏನು ಬರ್ದಿದ್ದೀಯ?”