ಮೇಲಿನಂತೆ

ಆ ಕಚೇರಿಯ ಕುರ್ಚಿಗೆ ಒಂದು ಕಾಲು ಗಿಡ್ಡ. ಅಲುಗಾಡುವುದು ಕುರ್ಚಿಯೇ ಹೊರತು ನಾನಲ್ಲ ಎಂದು ಅಧಿಕಾರಿ ತಿಳಿದುಕೊಂಡರೆ ಸಾಕಿತ್ತು.

ಭಾವನ ವರ್ಕ್‌ಶಾಪಿನಲ್ಲಿ ಉಕ್ಕಿನ ವಾಲ್ವ್‌ಗಳು ತಯಾರಾಗುತ್ತವೆ. ಹೊರದೇಶಕ್ಕೆ ಹೋಗುವ ಮಾಲಿಗೆಲ್ಲ ಸರ್ಕಾರಕ್ಕೆ ವರದಿ ಕೊಡಬೇಕು. ಪೆಟ್ಟಿಗೆಗೊಂದು ಸಾಲು. ಕೊನೆಗೆ ಅದು ಯಾರ ಕೈ ಸೇರುತ್ತದೆ, ಯಾವ ಕೆಲಸಕ್ಕೆ ಎಂಬುದನ್ನೂ ಬರೆಯಬೇಕು. ಒಂಬತ್ತು ವರ್ಷದಿಂದ ಅದನ್ನು ತುಂಬಿ ಸಹಿ ಹಾಕುವವಳು ನಾನು. ಇರುವುದೂ ಅಕ್ಕ-ಭಾವನ ಮನೆಯಲ್ಲೇ. "ನನ್ನ ನಾದಿನಿ ಕೈಗೆ ಪೆನ್ನು ಕೊಟ್ರೆ ಸರ್ಕಾರಾನೇ ಸುಸ್ತು" ಎಂದು ಭಾವ ಬಂದವರೆದುರು ಹೊಗಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ, ದಡ್ಡಿ.

ಅಧಿಕಾರಿ ನನ್ನ ವರದಿಯನ್ನು ನನ್ನತ್ತಲೇ ತಿರುಗಿಸಿದರು. "ಮೊದಲನೇ ಸಾಲು ಹಾಲಿನ ಡೇರಿ. ಸರಿ. ಎರಡರಿಂದ ಹನ್ನೊಂದು?"

"ಮೇಲಿನಂತೆ ಅಂತ ಬರ್ದಿದೀನಿ ಸಾರ್."

"ಎಲ್ಲಾ ಡೇರಿಗೇ ಹೋಯ್ತಾ?"

ಗದರಿಸಿ ಕೇಳಿದ್ದರೆ ವಾಸಿಯಿತ್ತು, ಮೆತ್ತಗೆ ಕೇಳಿದರು. ಒಂದು ಫೋಟೊ ಇಟ್ಟರು. ನಮ್ಮದೇ ವಾಲ್ವ್, ನಮ್ಮದೇ ಮುದ್ರೆ. "ಇದು ಸಿಕ್ಕಿದ್ದು ಮದ್ದುಗುಂಡು ಮಾಡೋ ಜಾಗದಲ್ಲಿ. ಸುಳ್ಳು ವರದಿ ಬರೆಸಿದವರಿಗೆ ಜೈಲು ಗೊತ್ತಲ್ಲ?"

ಐದನೇ ಪೆಟ್ಟಿಗೆ ನೆನಪಾಯಿತು. ಅದರ ಮೇಲೆ ಬೇರೆ ವಿಳಾಸ ಕಂಡು "ಇದ್ಯಾರು ಭಾವ?" ಎಂದಿದ್ದೆ. "ಎಲ್ಲಾ ಒಂದೇ ಕಣೆ, ಮೇಲಿನಂತೆ ಅಂತ ಹಾಕ್ಬಿಡು" ಎಂದು ನಕ್ಕಿದ್ದರು. ಎರಡನೇ ಸಲ ಕೇಳಲಿಲ್ಲ. ಕೇಳಬೇಕಿತ್ತು.

"ನಿಮ್ಮ ಹೇಳಿಕೆ ಬರೀರಿ. ನಿಮ್ಮ ಭಾವ ನಿನ್ನೆಯೇ ಬರೆದುಕೊಟ್ರು."

ಒಂದೇ ಹಾಳೆ, ಎರಡು ಸಾಲು. ಮೇಲಿನದರಲ್ಲಿ ಭಾವನ ದುಂಡು ಅಕ್ಷರ. ವಿಳಾಸ, ಕೆಲಸ. ಕೊನೆಯ ಕಾಲಮ್ಮು, 'ವರದಿಯಲ್ಲಿ ಏನು ಬರೆಯಬೇಕೆಂದು ಹೇಳಿದವರು'. ಅಲ್ಲಿ ಭಾವ ಬರೆದಿದ್ದರು: 'ನನ್ನ ನಾದಿನಿ. ನನಗೇನೂ ತಿಳಿಯದು.'

ಇವತ್ತು ಬೆಳಿಗ್ಗೆ ತಿಂಡಿಗೆ ನನ್ನೆದುರೇ ಕೂತು "ಹೆದರ್ಬೇಡ, ನಾನಿದೀನಿ" ಎಂದ ಮನುಷ್ಯ!

ಪೆನ್ನು ತೆಗೆದುಕೊಂಡೆ. ವಿಳಾಸಕ್ಕೆ 'ಮೇಲಿನಂತೆ' ಎಂದು ಬರೆದೆ. ಅದೊಂದು ನಿಜವೇ ಆಗಿತ್ತು. ಕೊನೆಯ ಕಾಲಮ್ಮಿಗೆ ಬಂದಾಗ ಕೈ ತನ್ನಷ್ಟಕ್ಕೇ 'ಮೇ' ಎಂದು ಶುರು ಮಾಡಿಬಿಟ್ಟಿತ್ತು. ಇನ್ನು ಮೂರು ಅಕ್ಷರ ಬರೆದಿದ್ದರೆ ಜೈಲಿಗೆ ನಾನೇ ದಾರಿ ಮಾಡಿಕೊಟ್ಟಂತೆ. ಬರೆಯದಿದ್ದರೆ ಅಕ್ಕನ ಗಂಡನಿಗೆ.

ಹೊರಗೆ ಕಾಯುತ್ತಿದ್ದ ಅಕ್ಕ ಬಾಗಿಲ ಸಂದಿಯಿಂದ ಇಣುಕಿದಳು. ನನ್ನ ನೀರಿನ ಬಾಟಲಿ ಅವಳ ಕೈಯಲ್ಲೇ ಇತ್ತು. "ಆಯ್ತೇನೇ? ಮನೆಗೆ ಹೋಗೋಣ್ವಾ?"

"ಇನ್ನೊಂದೇ ಕಾಲಮ್ಮು ಅಕ್ಕಾ."

ಅವಳ ಮುಖ ನೋಡಲಿಲ್ಲ. 'ಮೇ' ಹೊಡೆದುಹಾಕಿ ಭಾವನ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. ಆಮೇಲೆ ವಿಳಾಸದ ಕಾಲಮ್ಮಿಗೆ ಹಿಂತಿರುಗಿ ಅಲ್ಲಿದ್ದ 'ಮೇಲಿನಂತೆ'ಯನ್ನೂ ಹೊಡೆದುಹಾಕಿದೆ. ಆ ಜಾಗದಲ್ಲಿ ಏನು ಬರೆಯಬೇಕೋ ತೋಚಲಿಲ್ಲ.