ದಣಿದ ಕೋಲು

"ಈ ಪರೀಕ್ಷೆಗೆ ನನ್ನನ್ನ ಬೆಳಗ್ಗೆ ನಡೆಸಿ ನೋಡಿ ಮೇಡಂ. ಈಗ ಕೈಕಾಲೆಲ್ಲ ಸೋತು ಹೋಗಿದೆ," ಎಂದಳು ಅಕ್ಕ.

"ಬೆಂಕಿ ಬಿದ್ರೆ ಅದಕ್ಕೂ ಬೆಳಗ್ಗೆ ಬಾ ಅಂತೀಯಾ?" ಎಂದಳು ಮೇಲ್ವಿಚಾರಕಿ. ಆಸ್ಪತ್ರೆಯ ಬಟ್ಟೆ ಒಗೆಯುವ ಆ ವಿಭಾಗದವರು ಬೆನ್ನ ಹಿಂದೆ ಅವಳನ್ನು ಇಸ್ತ್ರಿಪೆಟ್ಟಿಗೆ ಎನ್ನುತ್ತಿದ್ದರು. ಯಾವಾಗ ನೋಡಿದರೂ ಕಾದೇ ಇರುತ್ತಿದ್ದಳು.

ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ, ಒಗೆದ ಬಟ್ಟೆ ಮಡಚುವ ಈ ಹೆಂಗಸಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ದಿನವಿಡೀ ಹಾಸಿಗೆಬಟ್ಟೆ ಮಡಚಿ ಮಣಿಕಟ್ಟು ಬಿದ್ದುಹೋಗಿತ್ತು. ಕಣ್ಣಿದ್ದವರು ದಣಿದರೆ ಕಾಲೆಳೆದುಕೊಂಡಾದರೂ ಮನೆ ಸೇರುತ್ತಾರೆ. ಅಕ್ಕನಿಗೆ ಕಾಲಿನ ಜೊತೆ ಕಿವಿಯೂ ದಣಿಯುತ್ತಿತ್ತು, ದಿಕ್ಕಿನ ನೆನಪೂ ದಣಿಯುತ್ತಿತ್ತು. ಬೆಳಗ್ಗೆ ಅಗಲವಾಗಿ ಬೀಸುವ ಕೋಲು ಸಂಜೆಗೆ ಪಾದದ ಮುಂದಷ್ಟೇ ತಡವರಿಸುತ್ತಿತ್ತು. ಇಸ್ತ್ರಿಪೆಟ್ಟಿಗೆ ಇದನ್ನು ಬಲ್ಲಳು. ಅದಕ್ಕೇ ಸಂಜೆಯನ್ನೇ ಆರಿಸಿದ್ದಳು.

"ಬೆಂಕಿ ಬಿದ್ದಾಗಿನ ಹಾಗೆ ಇಲ್ಲಿಂದ ಒಬ್ಬಳೇ ಹೋಗಿ ಹಿಂಬಾಗಿಲು ಮುಟ್ಟಬೇಕು. ಆಗದಿದ್ರೆ ನಾಳೆಯಿಂದ ಬರಬೇಡ. ಯಾರಾದ್ರೂ ಸಹಾಯ ಮಾಡಿದ್ರೆ ಅವರೂ ನಿನ್ನ ಜೊತೆಗೇ ಮನೆಗೆ!"

ಪರೀಕ್ಷೆ ನೋಡಲು ಬಂದ ಅಧಿಕಾರಿ ಕುರ್ಚಿಯಲ್ಲಿ ಕೆಮ್ಮಿದರು.

ಅಕ್ಕ ಹೊರಟಳು. ಯಂತ್ರಗಳ ಸಾಲು ದಾಟುವಾಗ ಎಡಕ್ಕೆ ವಾಲಿದಳು. ಸೊಂಟಕ್ಕೆ ತಳ್ಳುಗಾಡಿ ಬಡಿಯಿತು.

"ಕುಡಿದವರ ಹಾಗೆ ನಡೀತಾಳೆ ನೋಡಿ ಸಾರ್!"

ಮೇಲ್ವಿಚಾರಕಿಯ ಮಾತಿಗೆ ಅಕ್ಕ ಹಲ್ಲು ಕಚ್ಚಿ ನೆಟ್ಟಗಾದಳು. ಆಗ ಎದುರಿನಿಂದ ತಣ್ಣನೆ ಗಾಳಿ ಬಂತು. ಸದಾ ಮುಚ್ಚಿರುವ ಹಿಂಬಾಗಿಲಿನಿಂದ ಗಾಳಿ! ಜೊತೆಗೆ ಗಂಜಿಯ ವಾಸನೆ. ಬಟ್ಟೆಗೆ ಗಂಜಿ ಹಾಕುವ ಗಂಜಿಯಣ್ಣ ಕದ್ದು ಬಾಗಿಲು ತೆರೆದಿದ್ದ. ಅಕ್ಕ ಗಾಳಿ ಹಿಡಿದೇ ನಡೆದಳು. ಆದರೆ ಒಳಕ್ಕೆ ತೆರೆಯುವ ಆ ಬಾಗಿಲನ್ನು ಅವನು ಅರ್ಧಕ್ಕೇ ಬಿಟ್ಟಿದ್ದ. ಕೋಲು ಸಂದಿನಲ್ಲಿ ನುಸುಳಿತು, ಬಾಗಿಲಿನ ಅಂಚು ಹಣೆಗೆ ಫಟ್ಟನೆ ಬಡಿಯಿತು.

"ಮುಗೀತು!" ಮೇಲ್ವಿಚಾರಕಿಯ ದನಿಯಲ್ಲಿ ಹಬ್ಬ.

"ಏನು ಮುಗೀತು?" ಅಕ್ಕ ಹಣೆ ಒತ್ತಿಕೊಂಡಳು. "ಬಾಗಿಲು ಮುಟ್ಟು ಅಂದ್ರಿ, ಮುಟ್ಟಿದೀನಿ. ಕೈಯಿಂದಲೇ ಮುಟ್ಟು ಅಂದಿರ್ಲಿಲ್ಲ."

ಅಧಿಕಾರಿ ನಕ್ಕೇಬಿಟ್ಟರು. "ಮುಟ್ಟಿದಾರಲ್ಲ, ಬಿಡಿ ಮೇಡಂ. ಕೆಲಸದಲ್ಲಿ ಇರ್ಲಿ."

"ಅದು ಸರಿ, ಬಾಗಿಲು ತೆಗೆದವರು ಯಾರು?" ಮೇಲ್ವಿಚಾರಕಿ ಬಿಡಲಿಲ್ಲ.

ಯಂತ್ರಗಳ ನಡುವೆ ಯಾರೋ ಉಸಿರು ಬಿಗಿಹಿಡಿದದ್ದು ಅಕ್ಕನಿಗೆ ಕೇಳಿಸಿತು.

"ನಾನೇ. ಹಣೆಯಿಂದ," ಎಂದಳು. ಅಧಿಕಾರಿ ಮತ್ತೆ ನಕ್ಕರು.

ಇಸ್ತ್ರಿಪೆಟ್ಟಿಗೆ ಬುಸುಗುಟ್ಟುತ್ತಾ ಹೊರಟುಹೋದಳು. ಗಂಜಿಯಣ್ಣ ಒದ್ದೆ ಬಟ್ಟೆ ತಂದು ಮೆಲ್ಲಗೆ ಹಣೆಗಿಟ್ಟ.

"ಗಾಳಿ ಬಂದ್ರೆ ದಾರಿ ಗೊತ್ತಾಗುತ್ತೆ ಅಂದ್ಕೊಂಡೆ ಅಕ್ಕಾ."

"ತೆಗೆದ್ರೆ ಗೋಡೆಗೆ ತಾಗೋ ಹಾಗೆ ತೆಗಿ, ಇಲ್ಲಾ ಮುಚ್ಚಿಡು! ಅರ್ಧ ತೆಗೆದ ಬಾಗಿಲಿನಷ್ಟು ಕೆಟ್ಟದ್ದು ನನಗೆ ಇನ್ನೊಂದಿಲ್ಲ. ಆ ಹೆಂಗಸಾದ್ರೂ ಬೈದು ಬಿಡ್ತಾಳೆ, ನೀನು ತಲೇನೇ ಒಡೆದೆ," ಎಂದು ಬಟ್ಟೆ ಕಿತ್ತುಕೊಂಡಳು.

ಅವನು ಹೋಗಿ ಬಾಗಿಲನ್ನು ಗೋಡೆಗೆ ತಾಗುವ ಹಾಗೆ ತೆಗೆದು ಬಂದ. ಅಕ್ಕ ಕೋಲು ಮಡಚಿ, ತಡಕಾಡಿ ಅವನ ತೋಳು ಹಿಡಿದಳು.

"ನಿಧಾನ ನಡಿ ಅಣ್ಣಾ. ಇವತ್ತು ಕಾಲು ನನ್ನ ಮಾತು ಕೇಳ್ತಿಲ್ಲ."