ಬೋರವ್ವನ ಸ್ಟೋವ್

ವಿಜಾಪುರದ ಬಜಾರಿನಲ್ಲಿ ಸ್ಟೋವ್ ರಿಪೇರಿಗೆ ದಾದಾಸಾಬನ ಅಂಗಡಿಯೇ ಆಗಬೇಕು. ಕೊಳೆ ಕಟ್ಟಿಕೊಂಡ, ಸೀಮೆಎಣ್ಣೆ ಚಿಮ್ಮುವ ಹಿತ್ತಾಳೆ ನಿಪ್ಪಲ್ಲಿಗೆ ಉಳಿದವರು ಪಿನ್ನು ಚುಚ್ಚಿ ಚುಚ್ಚಿ ಕೆಡಿಸುತ್ತಿದ್ದರು. ಅವನು ಹಾಗಲ್ಲ. ಅದರ ಸಣ್ಣ ತೂತಿನೊಳಗೆ ಕೂದಲೆಳೆಯಂಥ ತಂತಿಯನ್ನು ಅಂಚಿಗೆ ತಾಗದಂತೆ ಇಳಿಸಿ, ಆ್ಯಸಿಡ್ ನೀರಿನಲ್ಲಿ ಅದ್ದಿ, ಲಾರಿಯ ಬ್ಯಾಟರಿಯಿಂದ ಕರೆಂಟು ಹರಿಸುತ್ತಿದ್ದ. ಕೊಳೆಯ ಜೊತೆ ಹಿತ್ತಾಳೆಯೂ ತುಸು ಕರಗಿ ತೂತು ನುಣುಪಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಎತ್ತಬೇಕು, ಅಷ್ಟೇ.

ಅಂದು ಎತ್ತಲಿಲ್ಲ. ಪಕ್ಕದ ಪಾತ್ರೆ ಅಂಗಡಿಯ ಹಣಮಂತ ಚಹಾಕ್ಕೆ ಕರೆದ, ಹರಟೆಯಲ್ಲಿ ಹೊತ್ತು ಹೋಯಿತು. ಬಂದು ನೋಡಿದರೆ ತೂತು ಹಿಗ್ಗಿತ್ತು. ನಿಪ್ಪಲ್ ಮಾತ್ರ ಬಂಗಾರದಂತೆ ಹೊಳೆಯುತ್ತಿತ್ತು.

“ಬಸ್ಸು ಹೊಂಟೈತ್ರಿ ಸಾಬರ, ಲಗೂನ ಕೊಡ್ರಿ,” ಎಂದಳು ತನ್ನ ಸ್ಟೋವಿಗಾಗಿ ಕಾದು ಕುಳಿತಿದ್ದ ತಿಕೋಟಾದ ಬೋರವ್ವ. “ಸೊಸಿ ಬಸರಿ ಅದಾಳ. ಒಲಿ ಹೊಗಿ ತಡಿಯಂಗಿಲ್ಲ ಅಕಿಗೆ.”

ಕೆಟ್ಟಿದೆ ಎಂಬ ಮಾತು ದಾದಾಸಾಬನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಒಳ್ಳೆಯ ಕೆಲಸಗಾರನೆಂಬ ಹೆಸರು ಗಳಿಸಲು ಅವನಿಗೆ ಅರ್ಧ ಆಯುಷ್ಯ ಹಿಡಿದಿತ್ತು. ಹಚ್ಚಿ ತೋರಿಸಿ ಕೊಡುವ ಪದ್ಧತಿಯನ್ನೂ ಬಿಟ್ಟು, ನಿಪ್ಪಲ್ ಬಿಗಿದು ಸ್ಟೋವ್ ಕೊಟ್ಟುಬಿಟ್ಟ.

ಅವಳು ಕಣ್ಮರೆಯಾಗುತ್ತಲೇ ಅವನು ಹೋಗಿ ಹಣಮಂತನಿಗೆ ಆದದ್ದನ್ನು ಹೇಳಿದ.

“ಉರಿ ಜರಾ ದೊಡ್ಡದಾದೀತು, ಅಷ್ಟ ಅಲ್ಲೇನು?” ಎಂದ ಹಣಮಂತ. “ನಿನ್ನ ತಪ್ಪು ನೀನ ಡಂಗುರ ಹೊಡಕೊಂಡ್ರ ನಾಳೆ ಅಂಗಡಿ ಯಾರು ಹತ್ತತಾರ? ನಮಗೂ ಮಕ್ಕಳು ಮರಿ ಅದಾವ.”

“ಬೋರವ್ವನ ಸೊಸಿಗೂ ಆಗೋದೈತಲ್ಲೋ,” ಎಂದ ದಾದಾಸಾಬ. ಹೊಸ ನಿಪ್ಪಲ್ಲೊಂದನ್ನು ಕಿಸೆಗೆ ಹಾಕಿಕೊಂಡು ಮುಂದಿನ ಬಸ್ಸು ಹತ್ತಿದ. ಕೈ ಮಾಡಿದವರಿಗೆಲ್ಲ ನಿಲ್ಲುತ್ತ ಹೋಗುವ ಆ ಬಸ್ಸಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ.

ತಿಕೋಟಾದಲ್ಲಿ ಇಳಿದು, ಬೋರವ್ವನ ಮನೆ ಕೇಳಿಕೊಂಡು ಓಡುವಾಗಲೇ ಕೂಗಾಟ ಕೇಳಿಸಿತು. ಅಡಿಗೆಮನೆಯಲ್ಲಿ ಹಳದಿ ಉರಿ ಬುಸುಗುಡುತ್ತ ತೊಲೆಯ ಕಡೆಗೆ ಏಳುತ್ತಿತ್ತು. ಗೋಡೆಗೆ ಅಂಟಿ ನಿಂತಿದ್ದ ಸೊಸೆ ಮಲಕವ್ವನ ಸೆರಗಿನ ಅಂಚು ಕರಕಾಗಿತ್ತು. ದಾದಾಸಾಬ ಒಳಗೆ ನುಗ್ಗಿ, ಸ್ಟೋವಿನ ಗಾಳಿ ಬಿಡುವ ತಿರುಪನ್ನು ಬರಿಗೈಯಲ್ಲೇ ತಿರುಗಿಸಿದ. ಉರಿ ಕುಸಿದು ಆರಿತು. ಅವನ ಬೆರಳು ಸುಟ್ಟಿತ್ತು.

ಬೋರವ್ವ ಸೊಸೆಯ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡಳು. “ಎಷ್ಟ ಗಾಳಿ ಹೊಡದೀಬೇ? ಮನಿ ಸುಡಾಕ ಬಂದೀಯೇನು? ಇನ್ನ ಇದನ್ನ ಮುಟ್ಟಿದ್ರ ನೋಡು.”

ಬಾಗಿಲಲ್ಲಿ ಸೇರಿದ್ದ ಮಂದಿಯೂ ಹೌದೆಂದು ತಲೆಯಾಡಿಸಿದರು. “ನಾ ಹೆಚ್ಚು ಹೊಡದಿಲ್ರಿ ಅತ್ತಿ,” ಎಂದು ಮಲಕವ್ವ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಾದಾಸಾಬನಿಗೆ ಕೇಳಿಸಿತು. ಸುಮ್ಮನೆ ನಿಪ್ಪಲ್ ಬದಲಿಸಿ ಹೊರಟರೆ ಈ ಊರು ಅವನನ್ನು ಪುಣ್ಯಾತ್ಮನೆಂದು ಹೊಗಳುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಅಕಿ ಕೆಡಿಸಿಲ್ರಿ ಯಕ್ಕಾ, ನನ್ನ ಕೈಯಾಗ ಕೆಟ್ಟೈತಿ,” ಎಂದ, ಎಲ್ಲರಿಗೂ ಕೇಳುವಂತೆ. “ತೂತು ದೊಡ್ಡದಾಗಿತ್ತು. ಗೊತ್ತಿದ್ದೂ ಕೊಟ್ಟೆ.”

“ಇಂವಾ ಭಾಳ ಹೆಸರು ಮಾಡ್ಯಾನಂತ,” ಎಂದು ಯಾರೋ ಗೊಣಗಿದರು. ದಾದಾಸಾಬ ಹಳೆಯದನ್ನು ಬಿಚ್ಚಿದ. ಹೊಸ ನಿಪ್ಪಲ್ ಬಿಗಿದು, ಗಾಳಿ ತುಂಬಿ, “ಹಚ್ಚಿ ನೋಡ್ರಿ,” ಎಂದ.

ಬೋರವ್ವ ಕಡ್ಡಿಪೆಟ್ಟಿಗೆ ತೆರೆದಳು. ಅವಳ ಕಣ್ಣು ಸೊಸೆಯ ಕರಕಾದ ಸೆರಗಿನ ಮೇಲೆ ಬಿತ್ತು. ಪೆಟ್ಟಿಗೆಯನ್ನು ಮಲಕವ್ವನ ಅಂಗೈಯಲ್ಲಿಟ್ಟಳು.

“ನೀನ ಹಚ್ಚವಾ,” ಎಂದಳು.